ಹೆಸರಿಲ್ಲದ '2 ಟಿಬಿ ಎಸ್‌ಎಸ್‌ಡಿ'ಗೆ ಬ್ಯಾಕಪ್ ಮಾಡಿಸಿದವರು ಇವತ್ತೇ ತೆರೆದು ನೋಡಿ

ಅಂಗಡಿಯಲ್ಲಿ ಕಂಪನಿ ಹೆಸರೇ ಇಲ್ಲದ '2 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ' (ಫೈಲ್ ಇಟ್ಟುಕೊಳ್ಳುವ ಸಣ್ಣ ಡಬ್ಬಿ) ಕೊಟ್ಟರೆ ತಗೋಬೇಡಿ. ನಮಗೆ ಬಂದದ್ದು ನಕಲಿ, ಹಾಕಿದ ಫೈಲ್‌ಗಳು ಅದರಲ್ಲಿ ಉಳಿಯಲೇ ಇಲ್ಲ. ಈಗಾಗಲೇ ತಗೊಂಡಿದ್ದರೆ ಕಂಪ್ಯೂಟರ್‌ನಲ್ಲಿರುವ ಫೈಲ್‌ಗಳನ್ನು ಅಳಿಸಬೇಡಿ. ಹಳೇ ಹಾರ್ಡ್‌ಡಿಸ್ಕನ್ನು ಯಾರಿಗೂ ಕೊಡಬೇಡಿ. ಪೂರ್ತಿ ಓದಲು ಪುರಸೊತ್ತಿಲ್ಲದವರು ಇಷ್ಟು ಓದಿದರೂ ಸಾಕು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿದರಲ್ಲ, ಆಮೇಲೆ ಮುಂದಿನ ವಿಂಡೋಸ್‌ಗೆ ಹೊಂದಲಿ ಅಂತ ನಮ್ಮ ಹಳೇ ಡೆಸ್ಕ್‌ಟಾಪ್‌ಗೆ ಹೊಸ ಬೋರ್ಡು, ಹೊಸ ಪ್ರೊಸೆಸರ್ ಹಾಕಿಸೋಣ ಅಂತ ಇಲ್ಲೇ ಶಿವಮೊಗ್ಗದ ಒಂದು ಅಂಗಡಿಗೆ ಕೊಟ್ಟೆವು. ಗೊತ್ತಿಲ್ಲದ ಅಂಗಡಿಯೇನಲ್ಲ. ಪ್ರಿಂಟರ್ ಇಂಕು, ಮಗನ ಕೀಬೋರ್ಡು ಎಲ್ಲ ಅಲ್ಲೇ ತಗೊಂಡಿದ್ದು. ಕಂಪ್ಯೂಟರ್‌ನಲ್ಲಿ ಹೆಚ್ಚುಕಮ್ಮಿ 380 ಜಿಬಿ ಫೈಲ್‌ಗಳಿದ್ದವು. ಅಪ್ಪ ತೆಗೆಸಿದ್ದ ಹಳೇ ಫೋಟೋಗಳ ಸ್ಕ್ಯಾನ್, ಅವರು 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟಿದ್ದ ಊರಿನ ಕಥೆ, ಅಮ್ಮ ಸೋಬಾನೆ ಹಾಡಿದ ರೆಕಾರ್ಡಿಂಗ್, ಮಗ ಹುಟ್ಟಿದಾಗಿನ ವಿಡಿಯೋಗಳು, ಆಮೇಲೆ ಟ್ಯಾಕ್ಸು, ಬ್ಯಾಂಕು, ಅದು ಇದು.

"ಮೊದಲು ಬ್ಯಾಕಪ್ ಆಗಬೇಕು" ಅಂತ ಹೇಳಿದ್ದು ನಾನೇ. ಮುಖ್ಯವಾದದ್ದನ್ನು ಗೂಗಲ್ ಡ್ರೈವ್‌ಗೆ ಹಾಕಿ, ಉಳಿದದ್ದಕ್ಕೆ ಒಳ್ಳೇ ಕಂಪನಿಯ ಪೋರ್ಟಬಲ್ ಹಾರ್ಡ್‌ಡಿಸ್ಕ್ ತಗೊಳ್ಳುತ್ತೇನೆ ಅಂದೆ. ಅಂಗಡಿಯವನು ನಕ್ಕ.

"ಮೇಡಂ, ಗೂಗಲ್‌ನಲ್ಲಿ 15 ಜಿಬಿ ಅಷ್ಟೇ ಫ್ರೀ, ಅದರಲ್ಲೇ ಮೇಲ್ ಫೋಟೋ ಎಲ್ಲ ಬಂತು. ಜಾಸ್ತಿ ಬೇಕಂದ್ರೆ ಜೀವನಪೂರ್ತಿ ದುಡ್ಡು ಕಟ್ತಾ ಇರಬೇಕು. ಹಾರ್ಡ್‌ಡಿಸ್ಕ್ ಒಳಗೆ ತಿರುಗೋ ಪ್ಲೇಟ್ ಇರುತ್ತೆ, ಕೈಜಾರಿ ಬಿದ್ರೆ ಹೋಯ್ತು. ಎಸ್‌ಎಸ್‌ಡಿ ತಗೊಳ್ಳಿ, ತಿರುಗೋ ಭಾಗನೇ ಇಲ್ಲ. ಕೈಜಾರಿ ಬಿದ್ರೂ ಅಷ್ಟು ಬೇಗ ಹಾಳಾಗಲ್ಲ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ನೋಡಿ ನನಗೆ ಈಗಲೂ ಉರಿಯುವುದು. ಎಸ್‌ಎಸ್‌ಡಿ ಬಗ್ಗೆ ಹೇಳಿದ್ದೆಲ್ಲ ನಿಜ. ಕೈಗೆ ಕೊಟ್ಟದ್ದು ಮಾತ್ರ ಎಸ್‌ಎಸ್‌ಡಿ ಅಲ್ಲ.

ಬೆಲೆ 5,500. ಬಿಲ್ ಬೇಕಂದ್ರೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. "ಸುಮ್ನೆ ಯಾಕೆ ಮೇಡಂ, ನಾವೇ ಇದ್ದೀವಲ್ಲ" ಅಂತ ಎಸ್ಟಿಮೇಟ್ ಅಂತ ಬರೆದ ಒಂದು ಚೀಟಿ ಹರಿದುಕೊಟ್ಟ. ಅದರ ಮೇಲೆ ಅಂಗಡಿ ಸೀಲ್ ಇಲ್ಲ, ನಂಬರ್ ಇಲ್ಲ, 'ಎಸ್‌ಎಸ್‌ಡಿ 1, 5500' ಅಷ್ಟೇ. ಫೈಲ್ ಕಾಪಿ ಮಾಡಿಕೊಡಲು ಬೇರೆ 500. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬಂದ ಹೆಸರು ಅಂಗಡಿಯದ್ದಲ್ಲ, ಯಾರೋ ವ್ಯಕ್ತಿಯದ್ದು. ನಮ್ಮ ಕಡೆ ಅರ್ಧ ಅಂಗಡಿಗಳ ವ್ಯವಹಾರ ಹೀಗೇ ನಡೆಯುತ್ತೆ ಅಲ್ವಾ?

ವಾಪಸ್ ತರಲು ಹೋದಾಗ ಕೌಂಟರ್‌ನಲ್ಲೇ ತೋರಿಸಿದ. ಡಿಸ್ಕ್ ಸೈಜ್ 1.81 ಟಿಬಿ. "2 ಟಿಬಿ ಅಂದ್ರೆ ವಿಂಡೋಸ್‌ನಲ್ಲಿ ಹೀಗೇ ತೋರಿಸೋದು" ಅಂದ. ಅದೂ ನಿಜವೇ! ಫೋಲ್ಡರ್‌ಗಳೆಲ್ಲ ಇದ್ದವು, ಒಟ್ಟು 380 ಜಿಬಿ ಅಂತ ಲೆಕ್ಕವೂ ಸರಿಯಾಗಿ ಬರುತ್ತಿತ್ತು. ಮೊದಲ ಫೋಲ್ಡರ್ ತೆರೆದು ಒಂದೆರಡು ಫೈಲ್ ತೋರಿಸಿದ, ಚೆನ್ನಾಗಿ ಬಂದವು. "ಹಳೇ ಡಿಸ್ಕ್ ಟಕ್ ಟಕ್ ಅಂತಿದೆ ಮೇಡಂ, ಇವತ್ತೋ ನಾಳೆಯೋ ಅನ್ನೋ ಸ್ಥಿತಿ. ಬ್ಯಾಕಪ್ ಆಯ್ತಲ್ಲ, ಅದನ್ನ ಇಟ್ಕೊಂಡು ಏನ್ಮಾಡ್ತೀರಾ? 300 ಕಡಿಮೆ ಮಾಡ್ತೀನಿ" ಅಂತ ಅದನ್ನೂ ಇಟ್ಟುಕೊಂಡ.

ಗೊತ್ತಾಗಿದ್ದು ಅಪ್ಪನ ವರ್ಷಾಬ್ದಿಕದ ದಿನ. ಮನೆ ತುಂಬ ನೆಂಟರು. ಊಟ ಮುಗಿದ ಮೇಲೆ ಹಳೇ ಫೋಟೋ ಟಿವಿಗೆ ಹಾಕು ಅಂದರು ದೊಡ್ಡಪ್ಪ. ಹಾಕಿದೆ. ಫೋಲ್ಡರ್ ಬಂತು, ಹೆಸರುಗಳು ಬಂದವು, ಒಂದೊಂದರ ಪಕ್ಕ ಎಷ್ಟು ಎಂಬಿ ಅಂತಲೂ ಇದೆ. ಒತ್ತಿದರೆ ಫೋಟೋ ಇಲ್ಲ. ಈ ಫೈಲ್ ತೆರೆಯಲು ಆಗಲ್ಲ ಅಂತ ಬರುತ್ತೆ. ಮುಂದಿನದು ಒತ್ತಿದೆ, ಅದೂ ಅಷ್ಟೇ. ಇನ್ನೊಂದು ಫೋಲ್ಡರ್, ಅದೂ ಅಷ್ಟೇ. ಎಲ್ಲರೂ ಟಿವಿ ನೋಡುತ್ತಾ ಕೂತಿದ್ದಾರೆ, ನಾನು ಮೌಸ್ ಒತ್ತುತ್ತಲೇ ಇದ್ದೇನೆ. "ಆಫೀಸಲ್ಲಿ ದಿನಾ ಕಂಪ್ಯೂಟರ್ ಮುಂದೆ ಕೂರೋಳು ನೀನೇ ಹೀಗಂದ್ರೆ ಹೆಂಗೇ?" ಅಂದರು ಅತ್ತೆ. ದೊಡ್ಡಪ್ಪ "ಬಿಡಮ್ಮ, ಇನ್ನೊಂದ್ಸಲ ನೋಡೋಣ" ಅಂತ ಎದ್ದು ಹೋದರು. ಅತ್ತೆ ಅಂದಿದ್ದಕ್ಕಿಂತ ಇದೇ ಜಾಸ್ತಿ ಚುಚ್ಚಿತು.

ಇನ್ನು ಅಂಗಡಿಯವನ ಉತ್ತರಗಳು. ಇವನ್ನು ಓದಲೇಬೇಕು.

ಫೋನ್ ಮಾಡಿದರೆ ಮೊದಲು, "ಕೇಬಲ್ ಚೇಂಜ್ ಮಾಡಿ ನೋಡಿ ಮೇಡಂ." ಮಾಡಿದೆ. "ವೈರಸ್ ಇರಬೇಕು." ಸ್ಕ್ಯಾನ್ ಮಾಡಿದೆ, ಇಲ್ಲ. ಕಾಪಿ ಮಾಡುವಾಗ ಇಷ್ಟೊಂದು ನಿಧಾನ ಯಾಕೆ ಅಂದರೆ, "ನಿಮ್ಮದು ಹಳೇ ಕಾಲದ ಯುಎಸ್‌ಬಿ 2.0 ಪೋರ್ಟ್." ಅಯ್ಯೋ ಮಾರಾಯ, ಹೊಸ ಬೋರ್ಡ್ ಹಾಕಿದ್ದು ನೀನೇ ಅಲ್ವಾ! ಆಮೇಲೆ, "ನಿಮ್ಮ ಫೋಟೋಗಳೇ ಮೊದಲೇ ಕರಪ್ಟ್ ಆಗಿದ್ವೇನೋ." ಆಮೇಲೆ ಇದು: "ತಂದು ಕೊಡಿ, ಫಾರ್ಮ್ಯಾಟ್ ಮಾಡಿದ್ರೆ ಸರಿ ಹೋಗುತ್ತೆ." ಫಾರ್ಮ್ಯಾಟ್ ಅಂದರೆ ಪೂರ್ತಿ ಅಳಿಸೋದು. ಡಿಸ್ಕ್ ಸರಿ ಹೋಗುತ್ತಂತೆ. ಒಳಗಿರೋದು?

ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಾನೆ. ಅವನು ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ತಂದ. ಡಿಸ್ಕ್‌ನ ಖಾಲಿ ಜಾಗದ ತುಂಬ ಡೇಟಾ ಬರೆದು, ವಾಪಸ್ ಓದಿ, ಬರೆದದ್ದೇ ಬಂತಾ ಅಂತ ನೋಡುತ್ತೆ ಅದು. ಗಂಟೆಗಟ್ಟಲೆ ಓಡಿತು. ಕೊನೆಗೆ ಕೆಂಪು ಬಣ್ಣದಲ್ಲಿ ಬಂತು, ಡೇಟಾ ಲಾಸ್ಟ್ ಅಂತ. ಆಮೇಲೆ ಅವನು ಡಬ್ಬಿಯ ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದ. "ಆಂಟಿ, ಇಲ್ಲಿ ನೋಡಿ" ಅಂದ. ಬೆರಳಿನಷ್ಟು ಉದ್ದದ ಒಂದು ಸರ್ಕ್ಯೂಟ್ ಬೋರ್ಡು. ಅದರಲ್ಲಿ ಮೊಬೈಲ್‌ಗೆ ಹಾಕುವ ಮೆಮೊರಿ ಕಾರ್ಡ್, 64 ಜಿಬಿಯದ್ದು, ಮೇಲೆ ಗಮ್ ಸುರಿದು ಅಂಟಿಸಿದ್ದಾರೆ. ಕೈಯಲ್ಲಿ ಹಿಡಿದರೆ ತೂಕ ಬರಲಿ ಅಂತ ಪಕ್ಕದಲ್ಲಿ ಒಂದು ಕಬ್ಬಿಣದ ತುಂಡು. ಅಷ್ಟೇ. 5,500 ರೂಪಾಯಿಗೆ ಒಂದು ಮೆಮೊರಿ ಕಾರ್ಡು, ಒಂದು ಕಬ್ಬಿಣದ ತುಂಡು!

ಮೋಸ ನಡೆಯುವುದು ಹೀಗೆ. ಒಳಗಿನ ಚಿಪ್‌ಗೆ 'ನಾನು 2 ಟಿಬಿ' ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ವಿಂಡೋಸ್ ಅದನ್ನು ನಂಬುತ್ತೆ. ಜಾಗ ತುಂಬಿದ ಮೇಲೂ 'ಬರೆದೆ, ಬರೆದೆ' ಅನ್ನುತ್ತಲೇ ಇರುತ್ತೆ, ಎರರ್ ಬರುವುದೇ ಇಲ್ಲ. ಕೆಲವು ಡಿಸ್ಕ್‌ಗಳು ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತವೆ, ಕೆಲವು ಹೊಸದನ್ನು ಬರೆಯದೆ ಬಿಟ್ಟುಬಿಡುತ್ತವೆ. ನಮ್ಮದು ಎರಡನೇ ಥರ. ಫೈಲ್‌ಗಳ ಹೆಸರಿನ ಪಟ್ಟಿ ಮಾತ್ರ ಶುರುವಿನ ಭಾಗದಲ್ಲಿ ಭದ್ರವಾಗಿರುತ್ತೆ, ಹಾಗಾಗಿ ನೋಡಿದರೆ ಎಲ್ಲ ಇದೆ ಅನಿಸುತ್ತೆ. ಹೆಸರಿನ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ (ಎ, ಬಿ, ಸಿ) ಕಾಪಿಯಾದ್ದರಿಂದ ಮೊದಲು ಬಂದ ಅಕೌಂಟ್ಸ್, ಬ್ಯಾಂಕ್ ಫೋಲ್ಡರ್‌ಗಳು ಉಳಿದಿವೆ. ಬ್ಯಾಂಕ್ ಸ್ಟೇಟ್‌ಮೆಂಟ್ ಯಾರಿಗೆ ಬೇಕಿತ್ತು, ಕೇಳಿದರೆ ಬ್ಯಾಂಕಿನವರೇ ಕೊಡುತ್ತಾರೆ. ಫ್ಯಾಮಿಲಿ, ಫೋಟೋ, ಸ್ಕ್ಯಾನ್, ವಿಡಿಯೋ ಎಲ್ಲ ಹೋಯಿತು. ಅಪ್ಪನ ನುಡಿ ಫೈಲ್‌ಗಳೂ ಹೋದವು. ಡೇಟಾ ರಿಕವರಿಯವರನ್ನು ಕೇಳಿದರೆ, ಬರೆದೇ ಇಲ್ಲದ್ದನ್ನು ಎಲ್ಲಿಂದ ತೆಗೆಯೋದು ಅಂದರು.

ಬಿಚ್ಚಿದ ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಅವನ ಮೊದಲ ಮಾತು:

"ಓಪನ್ ಮಾಡಿದ್ದೀರಾ? ಹಾಗಾದ್ರೆ ವಾರಂಟಿ ಹೋಯ್ತು ಮೇಡಂ."

ನನಗೆ ಮಾತೇ ಹೊರಡಲಿಲ್ಲ. ಕಾರ್ಡನ್ನೂ ಕಬ್ಬಿಣವನ್ನೂ ಕೌಂಟರ್ ಮೇಲೆ ಇಟ್ಟಿದ್ದೇನೆ, ಕಣ್ಣೆದುರಿಗಿದೆ, ಇವನು ವಾರಂಟಿ ಅನ್ನುತ್ತಾನೆ! ಜೋರು ಮಾಡಿದ ಮೇಲೆ, "ನಮಗೂ ಗೊತ್ತಿಲ್ಲ, ಡೀಲರ್ ಬೆಂಗಳೂರಿಂದ ಕಳಿಸಿದ್ದು, ಬಾಕ್ಸ್ ಪೀಸ್" ಅಂದ. "ಡೇಟಾಗೆ ನಾವು ಜವಾಬ್ದಾರಿ ಅಲ್ಲ." ಸರಿ, ಹಳೇ ಹಾರ್ಡ್‌ಡಿಸ್ಕ್ ಕೊಡು, ಅದರಿಂದಲೇ ತೆಗೆಸುತ್ತೇನೆ ಅಂದೆ. "ಅದು ಸ್ಕ್ರ್ಯಾಪ್‌ಗೆ ಹೋಯ್ತಲ್ಲ." ಎಲ್ಲಿಯ ಸ್ಕ್ರ್ಯಾಪ್, ಯಾರಿಗೆ? "ಗೊತ್ತಿಲ್ಲ ಮೇಡಂ, ಹುಡುಗರು ಹಾಕಿರ್ತಾರೆ." ನಮ್ಮ ಆಧಾರ್ ಕಾಪಿ, ಪ್ಯಾನ್ ಎಲ್ಲ ಅದರಲ್ಲಿದೆ. ಈಗ ಯಾರ ಕೈಯಲ್ಲಿದೆಯೋ.

ಕೊನೆಗೆ ದೊಡ್ಡ ಮನಸ್ಸು ಮಾಡಿ, "ಆಯ್ತು, ಬೇರೆ ಪೀಸ್ ಕೊಡ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಹಿಂದೆ ತಿರುಗಿದ. ಶೆಲ್ಫ್‌ನಲ್ಲಿ ಅದೇ ಕಪ್ಪು ಡಬ್ಬಿಗಳ ಸಾಲು. ಅದರಿಂದಲೇ ಒಂದು ಎಳೆದು ನನ್ನ ಮುಂದೆ ಇಟ್ಟ!

ದುಡ್ಡು ಕೇಳಿದರೆ ಓನರ್ ಊರಲ್ಲಿಲ್ಲ. ವಾಟ್ಸಾಪ್ ಮಾಡಿದರೆ ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಬಿಲ್ ಇದೆಯಾ ಅಂತ ಕೇಳಿದರು. ಇರೋದು ಆ ಎಸ್ಟಿಮೇಟ್ ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ಬಿಚ್ಚಿದ ಡಬ್ಬಿಯ ಫೋಟೋ. ಅಷ್ಟರಲ್ಲೇ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಫೀಸ್ ಇಲ್ಲ.

ಇನ್ನು ನೀವು. ಬ್ಯಾಕಪ್ ಯಾವುದರಲ್ಲಿ ಅಂತ ಡಿಸ್ಕ್ ಮಾರುವವನನ್ನು ಕೇಳಬೇಡಿ, ಅವನು ತನ್ನ ಶೆಲ್ಫ್‌ನಲ್ಲಿ ಇರೋದನ್ನೇ ಹೇಳುತ್ತಾನೆ. ಬಿಲ್‌ಗೆ 18 ಪರ್ಸೆಂಟ್ ಜಾಸ್ತಿ ಅಂದರೆ ಕೊಟ್ಟುಬಿಡಿ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು, ಅದು ಕಾನೂನು. ನಮ್ಮದರ ಮೇಲೆ 'ಹೈ ಸ್ಪೀಡ್' ಅಂತ ಬಿಟ್ಟರೆ ಏನೂ ಇರಲಿಲ್ಲ. ಹೊಸ ಡಿಸ್ಕ್ ತಂದರೆ ಏನೂ ಹಾಕುವ ಮೊದಲು ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಮ್ಯಾಕ್, ಲಿನಕ್ಸ್ ಇರುವವರಿಗೆ ಅದೇ ಥರದ ಎಫ್3 ಇದೆ. ಫೋಟೋ, ಕಾಗದಪತ್ರ ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿರಲಿ, ಜೊತೆಗೆ ಕ್ಲೌಡ್‌ನಲ್ಲೂ ಒಂದು ಪ್ರತಿ. ತಿಂಗಳ ದುಡ್ಡು ದಂಡ ಅಂತ ಯಾರಾದರೂ ನಕ್ಕರೆ ನಗಲಿ.

ಅಂಥದೇ ಹೆಸರಿಲ್ಲದ ಡಬ್ಬಿ ಈಗಾಗಲೇ ಮನೆಯಲ್ಲಿದ್ದರೆ, ಅದಕ್ಕೆ ಇನ್ನೇನೂ ಹಾಕಬೇಡಿ. ಮೊದಲ ಫೋಲ್ಡರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಮಧ್ಯದ್ದು, ಕೊನೆಯದ್ದು ತೆರೆಯಿರಿ, ವಿಡಿಯೋ ಇದ್ದರೆ ಪೂರ್ತಿ ಓಡಿಸಿ. ತೆರೆಯದಿದ್ದರೆ ಹಳೇ ಹಾರ್ಡ್‌ಡಿಸ್ಕ್ ಎಲ್ಲಿದೆ ಅಂತ ಹುಡುಕಿ, ಅಂಗಡಿಯಲ್ಲಿದ್ದರೆ ಇವತ್ತೇ ಹೋಗಿ ಇಸ್ಕೊಂಡು ಬನ್ನಿ.