ಐದು ಮಳೆಗಾಲ ಕಳೆದ ಮೇಲೆ: ಜೂಮ್, ಸ್ಲ್ಯಾಕ್, ವಾಟ್ಸಾಪ್ ಬಳಸಿದ ನಮ್ಮ ಟೀಮಿನ ಅನುಭವ

ಮನೆಯಿಂದ ಅರ್ಧ ಜನ, ಕಚೇರಿಯಿಂದ ಅರ್ಧ ಜನ ಕೆಲಸ ಮಾಡುವ ಟೀಮಿಗೆ ಯಾವ ಆಪ್ ಒಳ್ಳೆಯದು ಅಂತ ಕೊಡಗಿನಲ್ಲಿ ಯಾರು ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು. ಜನವರಿಯಲ್ಲಿ ಟ್ರಯಲ್ ನೋಡಬೇಡಿ, ಜುಲೈಯಲ್ಲಿ ನೋಡಿ. ನೆಟ್ ಲೈನ್ ಚೆನ್ನಾಗಿದ್ದಾಗ ಎಲ್ಲ ಆಪ್‌ಗಳೂ ಚೆನ್ನಾಗಿಯೇ ನಡೆಯುತ್ತವೆ. ಲೈನ್ ಕೆಟ್ಟ ದಿನ ಎಷ್ಟು ಕೆಲಸ ಉಳಿಸಿಕೊಡುತ್ತದೆ ಅನ್ನುವುದರ ಮೇಲೆ ನಮ್ಮ ಇಡೀ ವರ್ಷ ನಿಂತಿದೆ.

ನಮ್ಮದು ಮಡಿಕೇರಿಯಲ್ಲಿ ಸಣ್ಣ ಕಚೇರಿ. ಕಾಫಿ ತೋಟಗಳ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ (ಕೂಲಿ ಹಂಚಿಕೆ), ಪಿಎಫ್, ಜಿಎಸ್‌ಟಿ, ಜೊತೆಗೆ ಮಾಲು ಸಾಗಿಸುವ ವ್ಯವಸ್ಥೆ ನೋಡಿಕೊಳ್ಳುತ್ತೇವೆ. ಹನ್ನೆರಡು ಜನರಿದ್ದೇವೆ. ಐವರು ಕಚೇರಿಗೆ ಬರುತ್ತಾರೆ, ಮೂವರು ಬೆಂಗಳೂರಿನಲ್ಲಿದ್ದಾರೆ, ಉಳಿದವರು ನಾಪೋಕ್ಲು, ಶನಿವಾರಸಂತೆ, ಪೊನ್ನಂಪೇಟೆ ಕಡೆಯ ತಮ್ಮ ಮನೆಗಳಿಂದಲೇ ಕೆಲಸ ಮಾಡುತ್ತಾರೆ. 2021ರ ಜೂನ್‌ನಿಂದ ಹೀಗೇ ನಡೆದಿದೆ. ಈಗ ವಾರಕ್ಕೆ ಎರಡು ಮೀಟಿಂಗ್ ಜೂಮ್‌ನಲ್ಲಿ, ನಮ್ಮೊಳಗಿನ ಮಾತುಕತೆ ಸ್ಲ್ಯಾಕ್ ಅನ್ನುವ ಕಚೇರಿ ಚಾಟ್ ಆಪ್‌ನಲ್ಲಿ, ತೋಟದ ರೈಟರ್‌ಗಳ (ಗುಮಾಸ್ತರ) ಜೊತೆ ವಾಟ್ಸಾಪ್‌ನಲ್ಲಿ. ಮೂರು ಯಾಕೆ ಬೇಕಾಯಿತು ಅಂತ ಹೇಳುವ ಮೊದಲು ಒಂದು ಲಾರಿಯ ಕಥೆ ಹೇಳಬೇಕು.

ಎರಡನೇ ಮಳೆಗಾಲ. ಆಗ ಬೇರೊಂದು ಮೀಟಿಂಗ್ ಆಪ್ ಬಳಸುತ್ತಿದ್ದೆವು. ಒಂದು ತೋಟದ ಸ್ಟೋರಿನಲ್ಲಿದ್ದ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಸಿಪ್ಪೆ ಬಿಡಿಸಲು ಕುಶಾಲನಗರದ ಕ್ಯೂರಿಂಗ್‌ಗೆ ಹೋಗಬೇಕಿತ್ತು. ಬೆಳಗಿನ ಮೀಟಿಂಗ್‌ನಲ್ಲಿ ನಾಪೋಕ್ಲಿನ ಅಕ್ಕ ಹೇಳಿದ್ದು ಇಷ್ಟು: "ದಾರಿಯಲ್ಲಿ ಬರೆ ಕುಸಿದಿದೆ, ಲಾರಿ ಇವತ್ತು ಕಳಿಸೋದು ಬೇಡ." ಬರೆ ಅಂದರೆ ರಸ್ತೆ ಬದಿಯ ಗುಡ್ಡದ ಇಳಿಜಾರು. ನಮಗೆ ಕೇಳಿಸಿದ್ದು: "ದಾರಿಯಲ್ಲಿ... ದಿದೆ, ಲಾರಿ ಇವತ್ತು ಕಳಿಸೋದು..." ಅವರ ಚಿತ್ರ ಅಲ್ಲೇ ನಿಂತಿತ್ತು, ಬಾಯಿ ಅರ್ಧ ತೆರೆದಿತ್ತು. ಆಯ್ತು ಅಕ್ಕ, ಕಳಿಸ್ತೇವೆ ಅಂದೆ. ಆ ಮಾತು ಅವರಿಗೆ ತಲುಪಲಿಲ್ಲ. ಲಾರಿ ಹೋಯಿತು, ಬರೆ ಕುಸಿದ ಜಾಗದ ಈಚೆ ರಾತ್ರಿಯಿಡೀ ನಿಂತಿತು, ಡ್ರೈವರ್ ಮಳೆಯಲ್ಲಿ ಗಾಡಿಯೊಳಗೇ ಮಲಗಿದರು. ಬಾಡಿಗೆ ಹೋದದ್ದಕ್ಕಿಂತ ಅವರ ಆ ರಾತ್ರಿ ನನ್ನನ್ನು ಹೆಚ್ಚು ಕಾಡಿತು.

ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು. ಕನ್ನಡದಲ್ಲಿ "ಬೇಡ", "ಇಲ್ಲ", "ಅಲ್ಲ" ಎಲ್ಲ ಬರುವುದು ವಾಕ್ಯದ ಕೊನೆಯಲ್ಲಿ. ಬಾಲ ಕತ್ತರಿಸಿಹೋದರೆ ಬೇಡ ಅಂದದ್ದು ಬೇಕು ಅಂತಲೇ ಕೇಳುತ್ತದೆ. "ಬಟವಾಡೆ ಆಗಿ..." ಅಂತ ನಿಂತರೆ ಆಗಿದೆಯೋ ಆಗಿಲ್ಲವೋ? ಕೇಳುವವರು ತಮಗೆ ಬೇಕಾದ್ದನ್ನು ತುಂಬಿಕೊಳ್ಳುತ್ತಾರೆ. ಇದು ಯಾವ ಆಪ್‌ನ ತಪ್ಪೂ ಅಲ್ಲ, ನೇರ ಕರೆ ನಡೆಯುವ ರೀತಿಯೇ ಹಾಗೆ. ಮಾತು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ತಡವಾದ ಪ್ಯಾಕೆಟ್‌ಗಾಗಿ ಆಪ್ ಕಾಯುತ್ತ ಕೂತರೆ ಸಂಭಾಷಣೆಯೇ ನಿಂತುಹೋಗುತ್ತದೆ, ಆದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಬರೆದ ಸಂದೇಶ ಹಾಗಲ್ಲ, ತಲುಪಿತು ಅಂತ ಆ ಕಡೆಯಿಂದ ಉತ್ತರ ಬರುವವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ತಡವಾಗಬಹುದು, ಆದರೆ ಬಂದರೆ ಪೂರ್ತಿ ಬರುತ್ತದೆ, "ಬೇಡ" ಸಮೇತ.

ಅಂದಿನಿಂದ ನಮ್ಮಲ್ಲಿ ಒಂದು ನಿಯಮ. ಅಂಕಿ, ತಾರೀಖು, ಬೇಕು-ಬೇಡ ಇವಿಷ್ಟನ್ನು ಮೀಟಿಂಗ್‌ನಲ್ಲಿ ಬಾಯಲ್ಲಿ ಹೇಳಿದರೂ ಕೂಡಲೇ ಬರೆಯಬೇಕು. ಬರೆಯದಿದ್ದರೆ ತೀರ್ಮಾನ ಆಗಿಲ್ಲ ಅಂತಲೇ ಲೆಕ್ಕ. ಈ ನಿಯಮ ಬಂದ ಮೇಲೆ ಮೀಟಿಂಗ್ ಆಪ್‌ನ ಮೇಲಿನ ಭಾರವೇ ಕಡಿಮೆಯಾಯಿತು.

ಈಗ ಜೂಮ್ ಬಗ್ಗೆ. ನಮಗೆ ಅದು ಒಗ್ಗಿದ್ದು ಒಂದು ಸಣ್ಣ ಸೌಲಭ್ಯದಿಂದ: ಬರುವ ವಿಡಿಯೋವನ್ನು ನಮ್ಮ ಕಡೆಯಿಂದಲೇ ನಿಲ್ಲಿಸಬಹುದು. ಹೆಚ್ಚಿನವರು ತಮ್ಮ ಕ್ಯಾಮೆರಾ ಆಫ್ ಮಾಡಿ ಲೈನ್ ಉಳಿಸಿದೆ ಅಂದುಕೊಳ್ಳುತ್ತಾರೆ. ಆದರೆ ಉಳಿದ ಹನ್ನೊಂದು ಜನರ ಮುಖದ ವಿಡಿಯೋ ಡೌನ್‌ಲೋಡ್ ಆಗುತ್ತಲೇ ಇರುತ್ತದೆ. ಜೂಮ್‌ನವರೇ ಕೊಟ್ಟಿರುವ ಲೆಕ್ಕ ನೋಡಿದರೆ ವಿಷಯ ಸ್ಪಷ್ಟ. ಬರೀ ಧ್ವನಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು. ವಿಡಿಯೋ ಇಲ್ಲದೆ ಸ್ಕ್ರೀನ್ ಮಾತ್ರ ತೋರಿಸಲು 50ರಿಂದ 75. ಇಬ್ಬರ ನಡುವಿನ ಒಳ್ಳೆಯ ವಿಡಿಯೋಗೆ 600 ಬೇಕು. ಚೆಕ್‌ರೋಲ್ ಶೀಟ್ ಎಲ್ಲರಿಗೂ ತೋರಿಸಿ, ಧ್ವನಿಯಲ್ಲಿ ಮಾತಾಡಿದರೆ ಒಂದು ಮುಖ ತೋರಿಸುವ ಖರ್ಚಿನ ಕಾಲು ಭಾಗದಲ್ಲಿ ಮೀಟಿಂಗ್ ಮುಗಿಯುತ್ತದೆ. ಮೊದಲ ಎರಡು ನಿಮಿಷ ಎಲ್ಲರೂ ಕ್ಯಾಮೆರಾ ಹಾಕುತ್ತೇವೆ, ಮುಖ ನೋಡಿ ಯೋಗಕ್ಷೇಮ ಕೇಳಿ ಆಫ್ ಮಾಡುತ್ತೇವೆ. ಮನೆಯಿಂದ ಕೆಲಸ ಮಾಡುವ ಹೆಂಗಸರಿಗೆ ಇದು ದೊಡ್ಡ ನಿರಾಳ. ಹಿಂದೆ ಒಲೆ ಕಾಣುತ್ತದೆ, ಅತ್ತೆ ಓಡಾಡುತ್ತಾರೆ ಅಂತ ಒಂದು ಗಂಟೆ ಮೈ ಬಿಗಿಹಿಡಿದು ಕೂರಬೇಕಾಗಿಲ್ಲ.

ಉಚಿತ ಖಾತೆಯಲ್ಲಿ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ, 100 ಜನ ಸೇರಬಹುದು. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚಿದ್ದರೆ 60 ನಿಮಿಷ. ನಾವು ಒಂದು ವರ್ಷ 40 ನಿಮಿಷದಲ್ಲೇ ನಡೆಸಿದೆವು. ಮಾತು ಬಿಗಿಯಾಯಿತು, ಅದು ಒಳ್ಳೆಯದೇ ಆಯಿತು. ತಿಂಗಳ ಕೊನೆಯ ಲೆಕ್ಕದ ದಿನ ಮಾತ್ರ ಸಾಲುತ್ತಿರಲಿಲ್ಲ, ಅದಕ್ಕಾಗಿ ಒಂದೇ ಒಂದು ಹಣ ಕೊಟ್ಟ ಖಾತೆ ಇಟ್ಟುಕೊಂಡೆವು. ಮೀಟಿಂಗ್ ಕರೆಯುವವರೊಬ್ಬರಿಗೆ ಇದ್ದರೆ ಸಾಕು, ಹನ್ನೆರಡು ಜನಕ್ಕೂ ಕೊಳ್ಳಬೇಕಿಲ್ಲ. ಗೊತ್ತಿಲ್ಲದೆ ಎಲ್ಲರಿಗೂ ತೆಗೆಸಿಕೊಟ್ಟ ಕಚೇರಿಗಳನ್ನು ನೋಡಿದ್ದೇನೆ.

ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಈಗ ಹೆಚ್ಚಿನ ಮೀಟಿಂಗ್ ಆಪ್‌ಗಳಲ್ಲಿ ಗದ್ದಲ ಕಡಿಮೆ ಮಾಡುವ ವ್ಯವಸ್ಥೆ ಇದೆ. ಒಂದೇ ಸಮನೆ ಸುರಿಯುವ ಮಳೆಯ ಸದ್ದನ್ನು ಅದು ಚೆನ್ನಾಗಿಯೇ ತೆಗೆಯುತ್ತದೆ. ಆದರೆ ಅತಿ ಹೆಚ್ಚಿಗೆ ಇಟ್ಟಾಗ ಮೆಲ್ಲಗೆ ಮಾತಾಡುವವರ ಕೊನೆಯ ಅಕ್ಷರಗಳೂ ಸವೆದುಹೋದದ್ದು ನಮಗೆ ಅನುಭವವಾಗಿದೆ. ಮತ್ತೆ ಅದೇ "ಬೇಡ"ದ ಸಮಸ್ಯೆ. ಮಧ್ಯಮಕ್ಕೆ ಇಟ್ಟು, ವೈರ್ ಇರುವ ಸಾದಾ ಇಯರ್‌ಫೋನ್ ಮೈಕನ್ನು ಬಾಯಿ ಹತ್ತಿರ ಹಿಡಿದುಕೊಳ್ಳುವುದು ಇದುವರೆಗೆ ಸಿಕ್ಕಿದ ಉತ್ತಮ ಉಪಾಯ.

ಇನ್ನೊಂದು ಮಾತು ನನಗೆ ತಡವಾಗಿ ತಿಳಿದದ್ದು, ಹೇಳಲೇಬೇಕು. ಕಚೇರಿಯ ಐವರೂ ಒಂದು ಲ್ಯಾಪ್‌ಟಾಪ್ ಸುತ್ತ ಕೂತು ಮೀಟಿಂಗ್ ಮಾಡುತ್ತಿದ್ದೆವು. ಕಾಫಿ ಬರುತ್ತಿತ್ತು, ನಮ್ಮಲ್ಲೇ ಒಂದು ಮಾತು ಓಡುತ್ತಿತ್ತು, ತಲೆಯಾಡಿಸುತ್ತಿದ್ದೆವು, ಮುಂದಿನ ವಿಷಯಕ್ಕೆ ಹೋಗುತ್ತಿದ್ದೆವು. ಒಂದು ದಿನ ಶನಿವಾರಸಂತೆಯ ತಮ್ಮ, ತುಂಬ ಮಿತಭಾಷಿ, ಮೀಟಿಂಗ್ ಮುಗಿದ ಮೇಲೆ ನನಗೆ ಫೋನ್ ಮಾಡಿದ. "ಅಕ್ಕ, ನಿಮ್ಮ ಮೇಜಿನ ಮೇಲೆ ಏನು ತೀರ್ಮಾನ ಆಗತ್ತೋ ಅದು ನಮಗೆ ಮಾರನೇ ದಿನ ಗೊತ್ತಾಗತ್ತೆ. ನಾನು ಮಾತಾಡೋಕೆ ಬಾಯಿ ತೆಗೆಯೋ ಹೊತ್ತಿಗೆ ನೀವು ಮುಂದೆ ಹೋಗಿರ್ತೀರಿ." ಆ ಹುಡುಗ ಒಂದು ವರ್ಷ ಅದನ್ನು ನುಂಗಿಕೊಂಡಿದ್ದ. ನನಗೆ ಬಹಳ ಬೇಸರವಾಯಿತು.

ಕಾರಣ ಅವನ ಸಂಕೋಚ ಮಾತ್ರ ಅಲ್ಲ. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು 150 ಮಿಲಿಸೆಕೆಂಡ್ ಒಳಗಿದ್ದರೆ ಸಂಭಾಷಣೆ ಸಲೀಸು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಕೆಟ್ಟ ಲೈನ್‌ನಲ್ಲಿ ಅದು ಸುಲಭವಾಗಿ ಮೀರುತ್ತದೆ. ಒಂದೇ ಕೋಣೆಯಲ್ಲಿರುವವರು ಮಾತಿನ ನಡುವಿನ ಸಣ್ಣ ಬಿಡುವನ್ನು ಕೂಡಲೇ ಹಿಡಿದುಬಿಡುತ್ತಾರೆ. ದೂರದಲ್ಲಿದ್ದವರಿಗೆ ಆ ಬಿಡುವು ಕೇಳಿಸುವ ಹೊತ್ತಿಗೆ ಅದು ತುಂಬಿರುತ್ತದೆ. ಈಗ ನಾವು ಸರದಿ ತಿರುಗಿಸಿದ್ದೇವೆ. ಪ್ರತಿ ವಿಷಯಕ್ಕೂ ಮೊದಲು ಮಾತಾಡುವವರು ಹೊರಗಿನವರು, ಕಚೇರಿಯವರು ಕೊನೆಗೆ. ಮೇಜಿನ ನಡುವೆ ಒಂದು ಕಾನ್ಫರೆನ್ಸ್ ಸ್ಪೀಕರ್ ಇಟ್ಟಿದ್ದೇವೆ. ಒಬ್ಬರು ಚಾಟ್ ಮತ್ತು ಎತ್ತಿದ ಕೈ ನೋಡುತ್ತಿರುತ್ತಾರೆ, ಆ ದಿನ ಅವರಿಗೆ ಬೇರೆ ಕೆಲಸ ಇಲ್ಲ. ಇದಕ್ಕೆ ಹೊಸ ಸಾಫ್ಟ್‌ವೇರ್ ಏನೂ ಬೇಕಾಗಲಿಲ್ಲ.

ಸ್ಲ್ಯಾಕ್ ನಮಗೆ ಮಂಡಿಯ ಲೆಡ್ಜರ್ ಇದ್ದ ಹಾಗೆ. ಪ್ರತಿ ತೋಟಕ್ಕೊಂದು ಚಾನೆಲ್, ಅದರೊಳಗೆ ಒಂದೊಂದು ವಿಷಯಕ್ಕೆ ಒಂದೊಂದು ಎಳೆ (ಥ್ರೆಡ್). ಡಿಸೆಂಬರ್‌ನಲ್ಲಿ ಕೊಯ್ಲಿನ ಕೂಲಿ ದರದ ಬಗ್ಗೆ ಯಾರು ಏನು ಒಪ್ಪಿದರು ಅನ್ನುವುದು ಜೂನ್‌ನಲ್ಲಿ ಬೇಕಾಗುತ್ತದೆ, ಹುಡುಕಿದರೆ ಸಿಗುತ್ತದೆ. ಆದರೆ ಇದು ಹಣ ಕೊಟ್ಟವರಿಗೆ. ಉಚಿತ ಯೋಜನೆಯಲ್ಲಿ 90 ದಿನಕ್ಕಿಂತ ಹಳೆಯ ಸಂದೇಶ ಕಾಣುವುದಿಲ್ಲ. ನಗರದ ಕಚೇರಿಗೆ 90 ದಿನ ಸಾಕಾಗಬಹುದು. ನಮ್ಮದು ಹಂಗಾಮಿನ ಕೆಲಸ, ಮಾರ್ಚ್‌ನ ಹೂಮಳೆಯಿಂದ ಮುಂದಿನ ಮಾರ್ಚ್‌ವರೆಗೆ ಒಂದು ಸುತ್ತು. ಅದಕ್ಕೇ ಹಣ ಕೊಟ್ಟೆವು. ತಲೆಗಿಷ್ಟು ಅಂತ ತಿಂಗಳ ಲೆಕ್ಕ, ಸಣ್ಣ ಕಚೇರಿಗೆ ಭಾರವೇ. ಪ್ರತಿ ತಿಂಗಳೂ ಚಾನೆಲ್‌ಗಳ ನಕಲು ಇಳಿಸಿ ಇಟ್ಟುಕೊಳ್ಳುತ್ತೇವೆ. 2003ರಲ್ಲಿ ಶುರುವಾಗಿ ಜಗತ್ತಿಗೇ ವಿಡಿಯೋ ಕರೆ ಕಲಿಸಿದ ಸ್ಕೈಪ್ 2025ರ ಮೇ 5ರಂದು ನಿಂತುಹೋಯಿತು, ಹಾಗಾಗಿ ಯಾವುದನ್ನೂ ಶಾಶ್ವತ ಅಂದುಕೊಳ್ಳುವ ಹಾಗಿಲ್ಲ.

ಸ್ಲ್ಯಾಕ್ ಕಲಿಯುವುದು ಎಲ್ಲರಿಗೂ ಸಲೀಸಾಗಲಿಲ್ಲ. ಎಳೆಯ ಒಳಗೆ ಉತ್ತರಿಸುವ ಅಭ್ಯಾಸ ಬರಲು ನಮಗೆ ಆರು ತಿಂಗಳು ಹಿಡಿಯಿತು. ರಾತ್ರಿ ಏಳರಿಂದ ಬೆಳಗ್ಗೆ ಎಂಟರವರೆಗೆ ಸೂಚನೆ ಬಾರದ ಹಾಗೆ ಇಟ್ಟಿದ್ದೇವೆ. ಬೆಂಗಳೂರಿನವರು ರಾತ್ರಿ ಬರೆದದ್ದು ಬೆಳಗ್ಗೆ ತಲುಪುವಂತೆ ಸಮಯ ನಿಗದಿ ಮಾಡಿ ಕಳಿಸುತ್ತಾರೆ. ನಮ್ಮ ಹಬ್ಬಗಳಾದ ಕೈಲ್‌ಪೋದ್, ಹುತ್ತರಿ, ಕಾವೇರಿ ಸಂಕ್ರಮಣದ ದಿನಗಳನ್ನು ವರ್ಷದ ಮೊದಲೇ ಎಲ್ಲರ ಕ್ಯಾಲೆಂಡರ್‌ಗೆ ಹಾಕಿದ ಮೇಲೆ ಆ ದಿನಗಳಲ್ಲಿ ಮೀಟಿಂಗ್ ಕರೆಯುವುದು ನಿಂತಿತು.

ತೋಟದ ರೈಟರಣ್ಣಂದಿರನ್ನು ಸ್ಲ್ಯಾಕ್‌ಗೆ ತರುವ ಪ್ರಯತ್ನ ಮಾಡಿ ಕೈಬಿಟ್ಟೆ. ಅವರ ಫೋನಿನಲ್ಲಿ ವಾಟ್ಸಾಪ್ ಇದೆ, ಅದು ಅವರಿಗೆ ಗೊತ್ತು. ವಾಟ್ಸಾಪ್‌ನ ದೊಡ್ಡ ಗುಣ ಅದರ ತಾಳ್ಮೆ. ಸಿಗ್ನಲ್ ಇಲ್ಲದಾಗ ಕಳಿಸಿದ್ದು ಗಡಿಯಾರದ ಗುರುತಿನಲ್ಲಿ ಕಾಯುತ್ತದೆ, ಸಿಗ್ನಲ್ ಬಂದ ಗಳಿಗೆ ತಾನೇ ಹೊರಡುತ್ತದೆ. ಆ ಕಡೆಯವರ ಫೋನ್ ಆಫ್ ಆಗಿದ್ದರೆ 30 ದಿನದವರೆಗೆ ಸರ್ವರ್‌ನಲ್ಲಿ ಕಾದಿರುತ್ತದೆ. ಒಂದು ಟಿಕ್, ಎರಡು ಟಿಕ್ ಲೆಕ್ಕ ನಮ್ಮ ಮೇಸ್ತ್ರಿಗಳಿಗೂ ಬಾಯಿಪಾಠ.

ತೊಂದರೆ ಇರುವುದು ವಾಯ್ಸ್ ಮೆಸೇಜಿನಲ್ಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು ಎಲ್ಲ ಬರುತ್ತದೆ. ಹೇಳುವವರಿಗೆ ಸುಲಭ, ಆರು ತಿಂಗಳ ನಂತರ ಹುಡುಕುವವರಿಗೆ ಕಷ್ಟ. ಹಾಗಾಗಿ ನಮ್ಮಲ್ಲಿ ವಾರಕ್ಕೊಬ್ಬರು ವಾಟ್ಸಾಪ್‌ನಿಂದ ಸ್ಲ್ಯಾಕ್‌ಗೆ ಸಾರಾಂಶ ಬರೆದು ಹಾಕುತ್ತಾರೆ: ಯಾವ ತೋಟ, ಎಷ್ಟು ಆಳು, ಎಷ್ಟು ಚೀಲ, ಮಳೆ ಎಷ್ಟು ಇಂಚು ಎಷ್ಟು ಸೆಂಟ್ಸ್ (ಇಂಚಿನ ನೂರನೇ ಭಾಗ). ದಿನಕ್ಕೆ ಮುಕ್ಕಾಲು ಗಂಟೆ ಬೇಸರದ ಕೆಲಸ. ಇದನ್ನು ತಪ್ಪಿಸುವ ದಾರಿ ನನಗಿನ್ನೂ ಸಿಕ್ಕಿಲ್ಲ.

ಆಧಾರ್ ಕಾರ್ಡ್, ಪಾಸ್‌ಬುಕ್ ಫೋಟೋ ಗ್ರೂಪಿಗೆ ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ವಾಟ್ಸಾಪ್ ಸಂದೇಶಕ್ಕೆ 2016ರಿಂದ ಎರಡೂ ತುದಿಯ ಗೂಢಲಿಪಿ ರಕ್ಷಣೆ ಇದೆ, ನಡುವೆ ಬೇರೆ ಯಾರೂ ಓದಲಾರರು, ಸರಿ. ಆದರೆ ಗ್ರೂಪಿನಲ್ಲಿರುವ ಮೂವತ್ತು ಫೋನುಗಳ ಗ್ಯಾಲರಿಗೆ ಆ ರಕ್ಷಣೆ ಇಲ್ಲ. ತೋಟದ ಲೈನ್ ಮನೆಯಲ್ಲಿ (ಸಾಲುಮನೆಯಲ್ಲಿ) ಇರುವ ಕಾರ್ಮಿಕರು ನಮ್ಮನ್ನು ನಂಬಿ ಕೊಟ್ಟ ಕಾಗದ ಅದು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾನೂನೂ ಬಂದಿದೆ.

ಖರ್ಚಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ರೌಟರ್‌ಗೆ ಹಾಕುವ ಪುಟ್ಟ ಯುಪಿಎಸ್. ಮನೆಯಿಂದ ಕೆಲಸ ಮಾಡುವ ಎಲ್ಲರಿಗೂ ಕಚೇರಿಯಿಂದಲೇ ಕೊಡಿಸಿದೆವು. ಕರೆಂಟ್ ಹೋದ ಗಳಿಗೆ ಮೀಟಿಂಗ್‌ನಿಂದ ಬೀಳುವುದು ತಪ್ಪಿತು.

ಈ ವರ್ಷದ ಮಳೆಯಲ್ಲಿ ನಾಪೋಕ್ಲಿನ ಅಕ್ಕನ ಮನೆಯ ಲೈನ್ ಮೇಲೆ ಸಿಲ್ವರ್ ಮರ ಬಿದ್ದು ಒಂಬತ್ತು ದಿನ ನೆಟ್ ಇರಲಿಲ್ಲ. ಮೊಬೈಲ್ ಸಿಗ್ನಲ್ ಬರುವುದು ಅವರ ಕಣದ ಮೇಲಿನ ಮೂಲೆಯಲ್ಲಿ ಮಾತ್ರ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಡೆ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಬರೆದಿಟ್ಟ ಸಂದೇಶಗಳು ಸಾಲಾಗಿ ಹೊರಡುತ್ತಿದ್ದವು, ನಮ್ಮವು ಸಾಲಾಗಿ ಇಳಿಯುತ್ತಿದ್ದವು. ಆ ಒಂಬತ್ತು ದಿನ ಅವರು ಒಂದು ಮೀಟಿಂಗ್‌ಗೂ ಬರಲಿಲ್ಲ, ಅವರ ಐದು ತೋಟಗಳ ಬಟವಾಡೆ ಒಂದು ದಿನವೂ ತಪ್ಪಲಿಲ್ಲ. ಹತ್ತನೇ ದಿನ ಬೆಳಗ್ಗೆ ಸ್ಲ್ಯಾಕ್‌ನಲ್ಲಿ ಬಂತು: "ಲೈನ್ ಬಂತು. ನಾಳೆ ಮೀಟಿಂಗ್‌ಗೆ ಸೇರ್ತೇನೆ. ಮೊದಲ ಎರಡು ನಿಮಿಷ ಎಲ್ಲರೂ ಕ್ಯಾಮೆರಾ ಹಾಕಿ, ಮುಖ ನೋಡದೆ ತುಂಬ ದಿನ ಆಯ್ತು."