ಗಡಸು ತಗಡು ತೆಳು ಮಾಡಲು ಕೈ ರೋಲಿಂಗ್ ಮಿಲ್ ಸಾಕಾ?

ಬೆಂಗಳೂರಿನ ನಗರ್ತಪೇಟೆ ಕಡೆ ಅಕ್ಕಸಾಲಿಗರು ಕೊಳ್ಳುತ್ತಾರಲ್ಲ, ರೋಲರ್‌ಗಳ ನಡುವೆ ತಗಡು ಅಮುಕಿ ತೆಳು ಮಾಡುವ ಅಂಥದ್ದೇ ಮಿಲ್ ಇದು. 110 ಮಿ.ಮೀ. ಅಗಲದ ಎರಡು ರೋಲರ್, ಪಕ್ಕದಲ್ಲಿ ಗೇರ್. ಬೆಳ್ಳಿ, ತಾಮ್ರಕ್ಕೆ ಧಾರಾಳ ಸಾಕು. ನಾನು ಬರೆಯುತ್ತಿರುವುದು ಜರ್ಮನ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ), ಹಿತ್ತಾಳೆ ತೆಳು ಮಾಡುವವರಿಗೆ.

ಕೊಳ್ಳುವಾಗ ಗೇರ್ ನೋಡಿ. ಹಿಡಿಯನ್ನು ನೇರವಾಗಿ ರೋಲರ್‌ಗೇ ಕೂರಿಸಿರುವ ಅಗ್ಗದ ಮಿಲ್ ಬೇಡವೇ ಬೇಡ, ಗಡಸು ತಗಡು ಹಾಕಿದರೆ ತೋಳು ಬಿದ್ದುಹೋಗುತ್ತದೆ. ಹಿಡಿ 4 ಸುತ್ತು ತಿರುಗಿದರೆ ರೋಲರ್ 1 ಸುತ್ತು ತಿರುಗಬೇಕು. ಅಗಲ ರೋಲರ್ ಇದೆ ಅಂತ ಸುಮ್ನೆ ಅಗಲ ತಗಡು ತುರುಕಬೇಡಿ, ಅಗಲ ಹೆಚ್ಚಿದಷ್ಟೂ ಒತ್ತಡವೂ ಜಾಸ್ತಿ ಬೇಕು, ಆಗ ಮಿಲ್‌ನ ಚೌಕಟ್ಟೇ ಸ್ವಲ್ಪ ಹಿಗ್ಗುತ್ತದೆ. ರೋಲರ್‌ಗಳ ನಡುವಿನ ಸಂದು ಹೊಂದಿಸುವ ಸ್ಕ್ರೂ ಮುಟ್ಟದೆ ಅದೇ ತಗಡನ್ನು ಇನ್ನೊಮ್ಮೆ ಹಾಕಿ ನೋಡಿ, ಮತ್ತೂ ಒಂಚೂರು ತೆಳುವಾಗುತ್ತದೆ. ಆ ಹಿಗ್ಗು ಅಲ್ಲಿ ಗೊತ್ತಾಗುತ್ತದೆ. ಪಟ್ಟಿ ಕತ್ತರಿಸಿ ಹಾಕುವುದೇ ಸರಿ.

ಮಿಲ್ ಎಷ್ಟೇ ಚೆನ್ನಾಗಿರಲಿ, ಕಾಯಿಸದೆ ಏನೂ ಆಗುವುದಿಲ್ಲ. ಉರುಳಿದಷ್ಟೂ ಲೋಹ ಗಡಸಾಗುತ್ತಾ ಹೋಗುತ್ತದೆ, ಅಂಚಿನಲ್ಲಿ ಬಿರುಕು ಶುರುವಾಗುತ್ತದೆ, ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ದಪ್ಪ ಅರ್ಧಕ್ಕೆ ಇಳಿಯುವ ಮೊದಲೇ ನಿಲ್ಲಿಸಿ, ಮಬ್ಬು ಬೆಳಕಿನಲ್ಲಿ ಮಂಕು ಕೆಂಪು ಕಾಣುವ ತನಕ ಕಾಯಿಸಿ. ತಾಮ್ರವನ್ನು ನೀರಿಗೆ ಅದ್ದಿದರೆ ತೊಂದರೆ ಇಲ್ಲ, ಜರ್ಮನ್ ಸಿಲ್ವರ್ ಮಾತ್ರ ತಾನಾಗಿ ಆರಲಿ, ಬಿಸಿಯಲ್ಲೇ ಅದ್ದಿದರೆ ಸೀಳಬಹುದು. ಕಪ್ಪು ತೆಗೆದು, ತೊಳೆದು, ಪೂರ್ತಿ ಒಣಗಿಸಿಯೇ ಮಿಲ್‌ಗೆ ಕೊಡಿ. ಒಂದು ಹನಿ ನೀರು ಸಾಕು ರೋಲರ್ ತುಕ್ಕು ಹಿಡಿಯಲು, ಆಮೇಲೆ ಆ ಕಲೆ ಪ್ರತಿ ತಗಡಿನ ಮೇಲೂ ಮೂಡುತ್ತದೆ.

ನನ್ನ ತಕರಾರು ಒಂದೇ. ಹೊಸ ಮಿಲ್‌ನಲ್ಲೇ ರೋಲರ್‌ಗಳು ಸಮಾನಾಂತರವಾಗಿರಲಿಲ್ಲ, ತಗಡು ಕುಡುಗೋಲಿನ ಹಾಗೆ ಬಾಗಿ ಬರುತ್ತಿತ್ತು. ಎರಡೂ ಬದಿಯ ಸ್ಕ್ರೂ ಒಟ್ಟಿಗೆ ತಿರುಗಿಸುವ ಮೇಲಿನ ನಡುಗೇರ್ ಎತ್ತಿ, ಒಂದು ಬದಿಯ ಸ್ಕ್ರೂ ಮಾತ್ರ ತಿರುಗಿಸಿ ಸರಿ ಮಾಡಿದೆ. ಇದನ್ನು ಅಂಗಡಿಯಲ್ಲೇ ನೋಡಿ ಕೊಡಬೇಕಿತ್ತು ಅಲ್ವಾ?

ತೀರಾ ತೆಳು ಬೇಕೆಂದರೆ ಒಂದು ಹಂತದಲ್ಲಿ ಮಿಲ್ ಸೋಲುತ್ತದೆ. ಸ್ಕ್ರೂ ಎಷ್ಟು ಬಿಗಿದರೂ ರೋಲರ್ ಮೈಯೇ ಅಮುಕಿಕೊಳ್ಳುತ್ತದೆ, ತಗಡು ಇನ್ನು ತೆಳುವಾಗುವುದಿಲ್ಲ. ಅದಕ್ಕೇ ದೊಡ್ಡ ಕಾರ್ಖಾನೆಗಳಲ್ಲಿ ಗಡಸು ತಗಡಿಗೆ ಸಣ್ಣ ರೋಲರ್ ಇಟ್ಟು, ಅದು ಬಾಗದಂತೆ ಹಿಂದೆ ದಪ್ಪ ರೋಲರ್‌ಗಳ ಆಸರೆ ಕೊಡುತ್ತಾರೆ. ನಮ್ಮ ಮಟ್ಟಕ್ಕೆ ಎರಡು ತಗಡು ಜೋಡಿಸಿ ಒಟ್ಟಿಗೆ ಉರುಳಿಸುವುದು ಒಂದು ದಾರಿ, ಅಲ್ಯುಮಿನಿಯಂ ಫಾಯಿಲ್ ಮಾಡುವುದೂ ಹಾಗೆಯೇ.

ಹಿತ್ತಾಳೆ, ಜರ್ಮನ್ ಸಿಲ್ವರ್‌ಗೆ ಧೈರ್ಯವಾಗಿ ಕೊಳ್ಳಿ, 5ಕ್ಕೆ 4 ಕೊಡುತ್ತೇನೆ. ಸ್ಟೀಲ್ ಪಟ್ಟಿ ತೆಳು ಮಾಡುವ ಯೋಚನೆ ಇದ್ದರೆ ಈ ಮಿಲ್ ಬೇಡ, ರೋಲರ್ ಮೇಲೆ ಗೆರೆ ಬೀಳುತ್ತದೆ.