ಉತ್ತರ ಐರ್ಲೆಂಡಿನ ಯೂನಿಯನಿಸ್ಟರನ್ನು ಅರಿಯಲು: ಮೊದಲು ಟ್ರಿಂಬಲ್ಲೋ, ಪೈಸ್ಲಿಯೋ?

ಉತ್ತರ ಐರ್ಲೆಂಡ್ ಬ್ರಿಟನ್ನಿನೊಂದಿಗೇ ಉಳಿಯಬೇಕು ಎಂಬುದರಲ್ಲಿ ಯೂನಿಯನಿಸ್ಟರ ಎರಡು ಪ್ರಮುಖ ಪಕ್ಷಗಳಾದ ಯುಯುಪಿ (ಅಲ್‌ಸ್ಟರ್ ಯೂನಿಯನಿಸ್ಟ್ ಪಾರ್ಟಿ), ಡಿಯುಪಿ (ಡೆಮಾಕ್ರಟಿಕ್ ಯೂನಿಯನಿಸ್ಟ್ ಪಾರ್ಟಿ) ಎರಡರದೂ ಒಂದೇ ಮಾತು. ದಾರಿ ಕವಲೊಡೆದದ್ದು 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದಲ್ಲಿ. ಯುಯುಪಿಯ ಡೇವಿಡ್ ಟ್ರಿಂಬಲ್ ತಮ್ಮವರ ವಿರೋಧ ಕಟ್ಟಿಕೊಂಡೇ ಅದನ್ನು ಒಪ್ಪಿದರು. ಬಹುಮತದ ಸಮ್ಮತಿಯಿಲ್ಲದೆ ಉತ್ತರ ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗದು ಎಂಬ ಅಂಶ ಅವರಿಗೆ ರಕ್ಷಾಕವಚವಾಗಿತ್ತು. ಡಿಯುಪಿಯ ಇಯಾನ್ ಪೈಸ್ಲಿ ಕಡುವಿರೋಧಿ. 1985ರಲ್ಲಿ, ಉತ್ತರ ಐರ್ಲೆಂಡಿನ ಆಡಳಿತದಲ್ಲಿ ಐರ್ಲೆಂಡ್ ಸರ್ಕಾರಕ್ಕೆ ಸಲಹೆಯ ಪಾತ್ರ ಕೊಟ್ಟ ಆಂಗ್ಲೋ-ಐರಿಷ್ ಒಪ್ಪಂದದ ವಿರುದ್ಧ ಬೆಲ್‌ಫಾಸ್ಟ್ ಸಿಟಿ ಹಾಲ್ ಎದುರು ನೆರೆದ ಜನಸಾಗರದ ಮುಂದೆ ‘ಎಂದಿಗೂ ಇಲ್ಲ’ ಎಂದು ಮತ್ತೆ ಮತ್ತೆ ಗುಡುಗಿದವರು ಅವರೇ. ಅದೇ ಪೈಸ್ಲಿ 2007ರಲ್ಲಿ, ಐರ್ಲೆಂಡ್ ಏಕೀಕರಣ ಬಯಸುವ ಸಿನ್ ಫೇನ್ ಪಕ್ಷದ ಮಾರ್ಟಿನ್ ಮೆಕ್‌ಗಿನ್ನೆಸ್ ಜೊತೆ ಸರ್ಕಾರ ನಡೆಸಿದರು! ಬ್ರೆಕ್ಸಿಟ್‌ನಲ್ಲೂ ಇಬ್ಭಾಗವೇ: ಡಿಯುಪಿ ಹೊರಬರುವ ಪರ, ಯುಯುಪಿ ಉಳಿಯುವ ಪರ.

ತರ್ಕ ತಿಳಿಯಬೇಕಿದ್ದರೆ ಟ್ರಿಂಬಲ್, ಆತಂಕದ ಆಳ ತಿಳಿಯಬೇಕಿದ್ದರೆ ಪೈಸ್ಲಿ. ಪೈಸ್ಲಿಯಿಂದಲೇ ಆರಂಭಿಸಿ ಎನ್ನುತ್ತೇನೆ. 2003ರ ವಿಧಾನಸಭಾ ಚುನಾವಣೆಯಲ್ಲಿ ಯೂನಿಯನಿಸ್ಟ್ ಮತದಾರರು ಹೆಚ್ಚಾಗಿ ಒಲಿದದ್ದು ಅವರ ಪಕ್ಷಕ್ಕೆ.